ಅನ್ನ ಅಷ್ಟೇ ಇದೆ, ಸಾರು ತೆಳ್ಳಗಾಗಿದೆ

ಬೆಲೆ ಏರಿದಾಗಲೆಲ್ಲ ಒಂದು ಮಾತು ಗ್ಯಾರಂಟಿಯಾಗಿ ಕೇಳಿಬರುತ್ತೆ. "ಏನ್ರೀ ಮಹಾ, ಅಕ್ಕಿ ಬೆಲೆ ಜಾಸ್ತಿ ಆಯ್ತು ಅಂತ ಯಾರಾದ್ರೂ ಊಟ ಬಿಟ್ಟಿದ್ದಾರಾ?" ಪಾರ್ಕಿನಲ್ಲಿ ವಾಕ್ ಮಾಡೋರು ಇದನ್ನ ಹೀಗೆ ನೇರವಾಗಿ ಕೇಳ್ತಾರೆ. ಟಿವಿಯಲ್ಲಿ ಕೂತ ತಜ್ಞರು ಸ್ವಲ್ಪ ಸುತ್ತಿ ಬಳಸಿ ಹೇಳ್ತಾರೆ: ಅಗತ್ಯ ಆಹಾರ ವಸ್ತುಗಳ ಬೇಡಿಕೆ ಬೆಲೆಗೆ ತಕ್ಕಂತೆ ಹೆಚ್ಚುಕಡಿಮೆ ಆಗೋದಿಲ್ಲ. ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ 'ಸ್ಥಿತಿಸ್ಥಾಪಕತ್ವ' ಅನ್ನೋ ಪದ ನೆನಪಿರಬಹುದು. ಅದನ್ನ ಕಾಗುಣಿತ ತಪ್ಪದೆ ಬರೆದವರಿಗೇ ಅರ್ಧ ಮಾರ್ಕ್ಸ್ ಕೊಡಬೇಕಿತ್ತು. ಎರಡೂ ಮಾತಿನ ತಾತ್ಪರ್ಯ ಒಂದೇ. ಜನ ಮೊದಲಿನಷ್ಟೇ ಅಕ್ಕಿ ಕೊಳ್ತಿದ್ದಾರೆ, ಆದ್ದರಿಂದ ಅಂಥ ಕಷ್ಟವೇನೂ ಬಂದಿಲ್ಲ.

ಮೊದಲರ್ಧ ನಿಜ. ಎರಡನೇ ಅರ್ಧ ಸುಳ್ಳು. ಈ ಸುಳ್ಳಿನ ಮೇಲೆ ದೇಶದ ನೀತಿ ಕಟ್ಟೋಕೆ ಹೊರಟಿದ್ದಾರೆ ಅನ್ನೋದು ನನ್ನ ತಕರಾರು.

2024ರ ಅಕ್ಟೋಬರ್ ತಿಂಗಳ ಅಂಕಿ ನೋಡಿ. ಚಿಲ್ಲರೆ ಹಣದುಬ್ಬರ ಶೇ 6.21. ಆಹಾರದ್ದನ್ನ ಮಾತ್ರ ಬೇರೆ ತೆಗೆದು ನೋಡಿದ್ರೆ ಶೇ 10.87. ತರಕಾರಿಯೊಂದೇ ಒಂದು ವರ್ಷದಲ್ಲಿ ಶೇ 42ರಷ್ಟು ಏರಿತ್ತು. ಈ ಅಂಕಿ ಹೊರಬಿದ್ದ ಎರಡೇ ದಿನಕ್ಕೆ ಕೇಂದ್ರ ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಅವರು, ಬಡ್ಡಿ ದರ ನಿರ್ಧರಿಸುವಾಗ ಆಹಾರದ ಬೆಲೆ ಲೆಕ್ಕಕ್ಕೆ ತಗೊಳ್ಳೋದೇ ತಪ್ಪು ಸಿದ್ಧಾಂತ ಅಂದುಬಿಟ್ಟರು. ಆ ವರ್ಷದ ಜುಲೈನಲ್ಲಿ ಬಂದ ಆರ್ಥಿಕ ಸಮೀಕ್ಷೆಯೂ ಅದೇ ದಾರಿಯಲ್ಲಿತ್ತು. ರಿಸರ್ವ್ ಬ್ಯಾಂಕ್ ಗುರಿ ಇಟ್ಟುಕೊಳ್ಳುವ ಹಣದುಬ್ಬರದಿಂದ ಆಹಾರವನ್ನ ಹೊರಗಿಡೋದರ ಬಗ್ಗೆ ಯೋಚಿಸಬೇಕು, ಬಡವರಿಗೆ ತೊಂದರೆಯಾದ್ರೆ ಖಾತೆಗೆ ಹಣ ಹಾಕಬಹುದು ಇಲ್ಲವೇ ಕೂಪನ್ ಕೊಡಬಹುದು ಅನ್ನೋದು ಅದರ ಸಲಹೆ.

ಅವರ ವಾದದಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳೋದಿಲ್ಲ. ರೆಪೊ ದರ 2023ರ ಫೆಬ್ರವರಿಯಿಂದ 2024ರ ಕೊನೆಯವರೆಗೂ ಶೇ 6.5ರಲ್ಲೇ ಕೂತಿತ್ತು. ಅದನ್ನ ಶೇ 8 ಮಾಡಿದ್ರೂ ಕೋಲಾರದ ಟೊಮೆಟೊ ಗಿಡ ಒಂದು ಹಣ್ಣು ಹೆಚ್ಚಿಗೆ ಬಿಡ್ತಿರಲಿಲ್ಲ. ಒಪ್ಪಿದೆ. ಆದ್ರೆ ಈ ಔಷಧಿ ಈ ಜ್ವರಕ್ಕೆ ನಾಟೋದಿಲ್ಲ ಅಂತ ಜ್ವರ ನೋಡೋದನ್ನೇ ನಿಲ್ಲಿಸಿಬಿಟ್ಟರೆ ಹೇಗೆ ಸ್ವಾಮಿ?

ನಾನಿರೋದು ಬಿಟಿಎಂ ಲೇಔಟ್‌ನಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಹಳ್ಳಿಗಳ ಮೊದಲ ಅಕ್ಷರ ಜೋಡಿಸಿ ಆದ ಹೆಸರು ಅದು. ಆ ಹಳ್ಳಿಗಳು ಈಗ ಬಸ್ ಸ್ಟಾಪಿನ ಬೋರ್ಡಿನಲ್ಲಷ್ಟೇ ಉಳಿದಿವೆ ಅಂತ ಹೊರಗಿನವರು ಅಂದ್ಕೋಬಹುದು. ಆದ್ರೆ ಒಂದೇ ರಸ್ತೆಯಲ್ಲಿ ಸ್ವಂತ ಮನೆಯ ನಿವೃತ್ತರು, ನಾಲ್ಕು ಮಹಡಿ ಪಿಜಿಯ ಐಟಿ ಹುಡುಗ ಹುಡುಗಿಯರು, ಕಟ್ಟಡದ ಮೀಟರ್ ಬೋರ್ಡಿನ ಪಕ್ಕದ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ವಾಚ್‌ಮನ್, ಎಲ್ಲರೂ ಸಿಗೋ ಏರಿಯಾ ಇದು. ಮೂರೂ ತರದವರು ಒಂದೇ ದಿನಸಿ ಅಂಗಡಿಗೆ ಬರ್ತಾರೆ. ಬೆಲೆ ಏರಿಕೆ ಏನು ಮಾಡುತ್ತೆ ಅಂತ ತಿಳ್ಕೊಳ್ಳೋಕೆ ದೆಹಲಿಗೆ ಹೋಗಬೇಕಿಲ್ಲ. ಸಂಜೆ ಏಳು ಗಂಟೆಗೆ ಅಂಥ ಅಂಗಡಿಯ ಗಲ್ಲಾ ಪಕ್ಕ ಅರ್ಧ ಗಂಟೆ ನಿಂತರೆ ಸಾಕು.

ಅಕ್ಕಿ ಮೊದಲಿನಷ್ಟೇ ಹೋಗುತ್ತೆ. ಅದರಲ್ಲಿ ಅನುಮಾನ ಬೇಡ. ಆದ್ರೆ ಹಳೇ ಸೋನಾ ಮಸೂರಿ ಕೇಳ್ತಿದ್ದವರು ಹೊಸದು ಸಾಕು ಅಂತಾರೆ, ಹೊಸದು ಕೇಳ್ತಿದ್ದವರು ಅದಕ್ಕಿಂತ ಅಗ್ಗದ್ದು ಯಾವುದಿದೆ ಅಂತಾರೆ. ತೊಗರಿಬೇಳೆ ಒಂದು ಕಿಲೋದಿಂದ ಅರ್ಧಕ್ಕೆ, ಅರ್ಧದಿಂದ ಕಾಲಿಗೆ ಇಳಿದಿದೆ. ಎಣ್ಣೆ ಪಾಕೆಟ್ ಲೀಟರಿನಿಂದ ಅರ್ಧ ಲೀಟರಿಗೆ ಬಂದಿದೆ. 2024ರ ಸೆಪ್ಟೆಂಬರ್ ಮಧ್ಯದಲ್ಲಿ ಕಚ್ಚಾ ಖಾದ್ಯ ತೈಲದ ಆಮದು ಸುಂಕವನ್ನ ಸೊನ್ನೆಯಿಂದ ಶೇ 20ಕ್ಕೆ ಏರಿಸಿದ ಮೇಲೆ ಪಾಮಾಯಿಲ್ ಕೂಡ ಬಡವರ ಎಣ್ಣೆಯಾಗಿ ಉಳಿಯಲಿಲ್ಲ. ತೆಂಗಿನಕಾಯಿ ಇಡೀದು ತಗೊಳ್ಳೋರು ಕಡಿಮೆ, "ಒಂದು ಹೋಳು ಕೊಡಿ ಅಣ್ಣಾ" ಅನ್ನೋರೇ ಜಾಸ್ತಿ. ಮೊಟ್ಟೆ ಡಜನ್ ಲೆಕ್ಕದಿಂದ ನಾಲ್ಕರ ಲೆಕ್ಕಕ್ಕೆ. ಬೆಳ್ಳುಳ್ಳಿ ಬಗ್ಗೆ ಮಾತಾಡೋದೇ ಬೇಡ, ಅದನ್ನ 2024ರಲ್ಲಿ ಒಗ್ಗರಣೆಗೆ ಎಸಳು ಎಣಿಸಿ ಹಾಕೋ ಕಾಲ ಬಂದಿತ್ತು.

ಇದನ್ನೇ ಲೆಕ್ಕದಲ್ಲಿ ಇಟ್ಟು ನೋಡೋಣ. ಅಂದಾಜಿಗೆ ಒಂದು ಮನೆ ಅಂದ್ಕೊಳ್ಳಿ, ನಾಲ್ಕು ಜನ, ತಿಂಗಳ ಊಟದ ಖರ್ಚಿಗೆ 6,000 ರೂಪಾಯಿ. ಅಕ್ಕಿ 25 ಕಿಲೋ, ಕಿಲೋಗೆ 50 ರೂಪಾಯಿಯಂತೆ 1,250. ಎಣ್ಣೆ ಮೂರು ಲೀಟರ್, ನೂರರಂತೆ 300. ಹಾಲು ದಿನಕ್ಕೊಂದು ದೊಡ್ಡ ಪಾಕೆಟ್, 42ರಂತೆ 1,260. ಇಷ್ಟಕ್ಕೆ 2,810 ಹೋಯ್ತು. ಬೇಳೆ, ತರಕಾರಿ, ಮೊಟ್ಟೆ, ಕಾಯಿ, ಈರುಳ್ಳಿಗೆ 3,190 ಉಳೀತು. ಈಗ ಅಕ್ಕಿ 60 ಆಗಲಿ, ಎಣ್ಣೆ 130 ಆಗಲಿ, ಹಾಲು 44 ಆಗಲಿ. ಮೂರಕ್ಕೇ 3,210 ಹೋಗುತ್ತೆ. ಉಳಿಯೋದು 2,790. ಆದ್ರೆ ಆ ಬೇಳೆ, ತರಕಾರಿ, ಮೊಟ್ಟೆಯ ಬೆಲೆಯೂ ನಾಲ್ಕರಲ್ಲಿ ಒಂದು ಪಾಲು ಏರಿದೆಯಲ್ಲ? ಹಾಗಾಗಿ ಆ 2,790ಕ್ಕೆ ಸಿಗೋದು ಹಿಂದೆ 2,232 ರೂಪಾಯಿಗೆ ಸಿಗ್ತಿದ್ದಷ್ಟು ಮಾತ್ರ. 3,190 ಎಲ್ಲಿ, 2,232 ಎಲ್ಲಿ. ಅಕ್ಕಿ ಒಂದು ಕಾಳೂ ಕಡಿಮೆ ಆಗಲಿಲ್ಲ. ಅಕ್ಕಿ, ಎಣ್ಣೆ, ಹಾಲು ಬಿಟ್ಟು ಬೇರೆಲ್ಲ ಶೇ 30ರಷ್ಟು ತಟ್ಟೆಯಿಂದ ಮಾಯ ಆಯ್ತು. ಸಂಬಳ ಏರದ ಮನೆ ಇದು ಅನ್ನೋದು ನಿಜ. ಬಿಟಿಎಂನ ಮನೆಗೆಲಸದವರನ್ನ ಕೇಳಿ ನೋಡಿ, ನಾವು ಅವರಿಗೆ ಕೊನೇ ಸಲ ಸಂಬಳ ಏರಿಸಿದ್ದು ಯಾವಾಗ ಅಂತ. ನಮಗಿಂತ ಚೆನ್ನಾಗಿ ಅವರಿಗೆ ನೆನಪಿರುತ್ತೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತೀನಿ. ಅಕ್ಕಿ ಮಾರಾಟ ಕಡಿಮೆ ಆಗಿಲ್ಲ ಅನ್ನೋದು ಸಮಾಧಾನದ ಸುದ್ದಿ ಅಲ್ಲವೇ ಅಲ್ಲ, ಕೆಲವೊಮ್ಮೆ ಅದೇ ಕೆಟ್ಟ ಸುದ್ದಿ. ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಚೀನಾದ ಹುನಾನ್ ಪ್ರಾಂತ್ಯದಲ್ಲಿ ಒಂದು ಪ್ರಯೋಗ ಮಾಡಿ 2008ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಬಡ ಮನೆಗಳಿಗೆ ಅಕ್ಕಿ ಮೇಲೆ ರಿಯಾಯಿತಿ ಕೊಟ್ಟರು. ಅಕ್ಕಿ ಅಗ್ಗ ಆದ್ರೆ ಜಾಸ್ತಿ ಅಕ್ಕಿ ಕೊಳ್ಳಬೇಕು ತಾನೇ? ಅವರು ಕಡಿಮೆ ಕೊಂಡರು! ಉಳಿದ ದುಡ್ಡಲ್ಲಿ ಬೇರೆ ಪದಾರ್ಥ ತಂದ್ಕೊಂಡರು. ರಿಯಾಯಿತಿ ಕಿತ್ತುಕೊಂಡಾಗ, ಅಂದ್ರೆ ಅಕ್ಕಿ ಮತ್ತೆ ದುಬಾರಿ ಆದಾಗ, ಅಕ್ಕಿಯನ್ನೇ ಹೆಚ್ಚಿಗೆ ತಿಂದರು. ಯಾಕಂದ್ರೆ ದುಬಾರಿ ಆದಮೇಲೂ ಹೊಟ್ಟೆ ತುಂಬಿಸೋ ಪದಾರ್ಥಗಳಲ್ಲಿ ಅಕ್ಕಿಯೇ ಅಗ್ಗ. ಪಕ್ಕದ ಪದಾರ್ಥ ಕೈಬಿಟ್ಟಾಗ ಅದರ ಜಾಗವನ್ನೂ ಅನ್ನವೇ ತುಂಬಬೇಕು. ಬೇಳೆ ಅರ್ಧ ಸೌಟು ಕಡಿಮೆ ಆದ ಮನೆಯಲ್ಲಿ ಅನ್ನ ಅರ್ಧ ಪಾವು ಜಾಸ್ತಿ ಬೇಯುತ್ತೆ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಹುನಾನಿಗೆ ಹೋಗಬೇಕಿರಲಿಲ್ಲ, ಯಾವ ಅಮ್ಮನನ್ನ ಕೇಳಿದ್ರೂ ಹೇಳ್ತಿದ್ದಳು. ಆದ್ರೆ ಅಮ್ಮಂದಿರು ಹೇಳಿದ್ದನ್ನ ಅಂಕಿ ಅಂಶ ಅಂತ ಯಾರೂ ಒಪ್ಪೋದಿಲ್ಲವಲ್ಲ.

"ಒಂದು ದುಬಾರಿ ಆದ್ರೆ ಇನ್ನೊಂದು ತಿನ್ನಲಿ" ಅನ್ನೋ ಬುದ್ಧಿವಂತರೂ ಇದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ರವೆ ಇಡ್ಲಿ ಹುಟ್ಟಿತು ಅಂತ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನವರು ಹೇಳ್ಕೊಳ್ತಾರೆ. ಒಳ್ಳೇ ಕಥೆ, ಒಳ್ಳೇ ಇಡ್ಲಿ. ಆದ್ರೆ ಅಕ್ಕಿಯ ಜಾಗಕ್ಕೆ ಬರೋಕೆ ಪಕ್ಕದಲ್ಲಿ ರವೆ ಇರಬೇಕು, ಅದು ಕೈಗೆಟುಕೋ ಬೆಲೆಯಲ್ಲಿ ಇರಬೇಕು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಆ ಜಾಗದಲ್ಲಿ ಇದ್ದದ್ದು ರಾಗಿ. ಅಕ್ಕಿ ಇಲ್ಲದಿದ್ದರೆ ಮುದ್ದೆ, ಅಷ್ಟೇ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯ್ತು, ರಾಗಿ ಬಿಸ್ಕತ್ತು ಆಯ್ತು, ರಾಗಿ ಪಾಸ್ತಾ ಆಯ್ತು. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ಇತ್ತು. ರೈತನಿಗೆ ಅದು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪಾಕೆಟ್ ರಾಗಿ ಹಿಟ್ಟು ಅಕ್ಕಿಯ ಹೆಗಲಿಗೆ ಹೆಗಲು ಕೊಟ್ಟು ನಿಂತ ಮೇಲೆ, ಬಡವರು ಹಿಂದಕ್ಕೆ ಸರಿದು ನಿಲ್ಲೋಕೆ ಇದ್ದ ಆ ಒಂದು ಮೆಟ್ಟಿಲೂ ಹೋಯ್ತು.

ಈಗ ಪಿಜಿ ವಿಚಾರ. ಬಿಟಿಎಂ ಬಗ್ಗೆ ಬರೆದು ಪಿಜಿ ಬಗ್ಗೆ ಬರೀದಿದ್ದರೆ ದೇವರು ಮೆಚ್ಚೋದಿಲ್ಲ. ಪಿಜಿಯಲ್ಲಿ ಬಾಡಿಗೆಯಲ್ಲೇ ಊಟ ಸೇರಿರುತ್ತೆ. ತಿಂಗಳಿಗೆ ಇಷ್ಟು ಅಂತ ಒಪ್ಪಂದ ಆಗಿರುತ್ತೆ, ಅದನ್ನ ವಾರ ವಾರ ಏರಿಸೋಕೆ ಆಗೋದಿಲ್ಲ. ಹಾಗಾದ್ರೆ ಟೊಮೆಟೊ ಬೆಲೆ ಏರಿದಾಗ ಓನರ್ ಏನು ಮಾಡ್ತಾರೆ? 2023ರ ಜುಲೈನಲ್ಲಿ ಟೊಮೆಟೊ ನೂರು ದಾಟಿದಾಗ ನಾನೊಂದು ಪಿಜಿಯಲ್ಲಿದ್ದೆ. ಸಾರು ಕೆಂಪಗೇ ಇತ್ತು. ಆ ಕೆಂಪು ಮೆಣಸಿನಪುಡಿಯದ್ದು, ಹುಳಿ ಹುಣಸೆಹಣ್ಣಿನದ್ದು. ಆಮೇಲೆ ಮೊಸರು ಹೋಗಿ ಮಜ್ಜಿಗೆ ಬಂತು. ಭಾನುವಾರದ ಚಿಕನ್‌ನಲ್ಲಿ ಗ್ರೇವಿ ಜಾಸ್ತಿ, ಪೀಸ್ ಕಡಿಮೆ ಆಯ್ತು. ರಾತ್ರಿಯ ಚಪಾತಿ ವಾರಕ್ಕೆ ನಾಲ್ಕು ದಿನದಿಂದ ಎರಡು ದಿನಕ್ಕೆ ಇಳೀತು. ಅನ್ನ? ಅದು ಯಾವತ್ತೂ ಅನ್‌ಲಿಮಿಟೆಡ್! ಅಡುಗೆ ಭಟ್ಟರನ್ನ ಬೈದು ಪ್ರಯೋಜನ ಇಲ್ಲ, ಅವರಿಗೆ ಓನರ್ ಅಳೆದು ಕೊಟ್ಟ ದಿನಸಿಯಲ್ಲೇ ಎಂಬತ್ತು ಜನರ ಹೊಟ್ಟೆ ತುಂಬಿಸಬೇಕು. ನಾನು ಹೇಳೋದು ಇಷ್ಟೇ. ಆ ತಿಂಗಳು ನಾನು ಕಟ್ಟಿದ ಬಾಡಿಗೆ ಒಂದು ರೂಪಾಯಿಯೂ ಏರಲಿಲ್ಲ. ಬೆಲೆ ಬರ್ಕೊಳ್ಳೋಕೆ ಸರ್ಕಾರದವರು ಬಂದಿದ್ದರೆ ನನ್ನ ಹಣದುಬ್ಬರ ಸೊನ್ನೆ ಅಂತ ಬರ್ಕೊಂಡು ಹೋಗಬೇಕಿತ್ತು. ಆ ಜುಲೈನಲ್ಲಿ ದೇಶದ ಆಹಾರ ಹಣದುಬ್ಬರ ಶೇ 11.51. ನನ್ನ ಪಾಲಿನದ್ದು ಸೌಟಿನಲ್ಲಿ ಏರಿತ್ತು, ಬಿಲ್ಲಿನಲ್ಲಲ್ಲ.

ಬಿಲ್ಲಿನಲ್ಲಿ ಕಾಣದ ಏರಿಕೆಯ ಇನ್ನೊಂದು ನಮೂನೆಯನ್ನ ನಮ್ಮ ಕೆಎಂಎಫ್ ತೋರಿಸಿಕೊಟ್ಟಿದೆ. 2024ರ ಜೂನ್ 26ರಿಂದ ನಂದಿನಿ ಹಾಲಿನ ಅರ್ಧ ಲೀಟರ್ ಪಾಕೆಟ್ 550 ಮಿಲಿ ಆಯ್ತು, ನೀಲಿ ಪಾಕೆಟ್ಟಿಗೆ 22 ಇದ್ದದ್ದು 24 ಆಯ್ತು. ಮುಖ್ಯಮಂತ್ರಿಗಳು ಇದು ಬೆಲೆ ಏರಿಕೆಯೇ ಅಲ್ಲ, ಹೆಚ್ಚಿಗೆ ಹಾಲು ಕೊಡ್ತಿದ್ದೀವಿ ಅಂದರು. ಗಣಿತದ ಪ್ರಕಾರ ಅವರು ಹೇಳಿದ್ದು ಸರಿಯೇ. ಲೀಟರ್ ಲೆಕ್ಕ ಹಾಕಿದ್ರೆ ಕೆಲವು ಪೈಸೆ ಕಡಿಮೆಯೇ ಆಗಿತ್ತು. ಆದ್ರೆ ಆ 50 ಮಿಲಿ ಯಾರು ಕೇಳಿದ್ದು? ದಿನಕ್ಕೆ 22 ರೂಪಾಯಿ ಹಾಲಿಗೆ ಅಂತ ಎತ್ತಿಟ್ಟ ಮನೆಯಲ್ಲಿ ತಿಂಗಳಿಗೆ 60 ರೂಪಾಯಿ ಬೇರೆ ಎಲ್ಲಿಂದಲೋ ಬರಬೇಕು. ಎಲ್ಲಿಂದ ಬರುತ್ತೆ ಅಂತ ಮೇಲೆ ಲೆಕ್ಕದಲ್ಲಿ ನೋಡಿದ್ದೀವಿ. ಆ ದುಡ್ಡು ಹಾಸನದ, ಕೋಲಾರದ ಹಸು ಸಾಕೋರ ಕೈಗೆ ಪೂರ್ತಿ ಸೇರಿದ್ರೆ ನನಗೆ ಸಂತೋಷವೇ. ಆದ್ರೆ ಏರಿಕೆಯನ್ನ ಏರಿಕೆ ಅಂತ ಕರೆಯೋ ಧೈರ್ಯ ಇರಲಿ.

ಇನ್ನು 26 ಕಿಲೋ ಮೂಟೆಯ ತಮಾಷೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಬೇಳೆಗೆ ಶೇ 5 ಜಿಎಸ್‌ಟಿ ಬಂತು. ಆದ್ರೆ 25 ಕಿಲೋ ದಾಟಿದ ಪ್ಯಾಕಿಗೆ ಇಲ್ಲ. ಮರುದಿನದಿಂದಲೇ ಅನ್ನೋ ಹಾಗೆ ಮಾರುಕಟ್ಟೆಗೆ 26 ಕಿಲೋ ಮೂಟೆ ಬಂತು! ವ್ಯಾಪಾರಿಗಳ ಬುದ್ಧಿಗೆ ಕೈ ಮುಗೀಬೇಕು. ಒಂದೇ ಸಲಕ್ಕೆ ಸಾವಿರದೈನೂರು ತೆಗೆದಿಡೋಕೆ ಆಗೋರು, ಮೂಟೆ ಇಡೋಕೆ ಮನೆಯಲ್ಲಿ ಜಾಗ ಇರೋರು ತೆರಿಗೆ ಇಲ್ಲದೆ ಕೊಂಡರು. ಐದು ಕಿಲೋ ಪ್ಯಾಕ್ ಕೊಳ್ಳೋರು ತೆರಿಗೆ ಕಟ್ಟಿದರು. ಅಳೆದು ಕೊಡೋ ಬಿಡಿ ಅಕ್ಕಿಗೆ ತೆರಿಗೆ ಇಲ್ಲ ಅಂತ ಹಣಕಾಸು ಸಚಿವರು ವಿವರಣೆ ಕೊಟ್ಟರು, ಸರಿ. ಆದ್ರೆ ಬಿಡಿಯಾಗಿ ಕೊಳ್ಳೋರು ಯಾವ ಊರಲ್ಲೂ ಮೂಟೆ ರೇಟಿಗೆ ಕೊಂಡಿದ್ದಿಲ್ಲ. ಕಡಿಮೆ ದುಡ್ಡಿರೋರು ಕಿಲೋಗೆ ಜಾಸ್ತಿ ಕೊಡ್ತಾರೆ, ಇದು ಹಳೇ ಕಥೆ. ತೆರಿಗೆಯೂ ಅದಕ್ಕೆ ಕೈ ಜೋಡಿಸಿದ್ದು ಹೊಸದು.

ರೈತನಿಗೆ ಹೋಗ್ತಿದೆಯಲ್ಲ, ತಿನ್ನೋರು ಸ್ವಲ್ಪ ಸಹಿಸಲಿ ಅನ್ನೋರಿಗೂ ಒಂದು ಮಾತು. ರಿಸರ್ವ್ ಬ್ಯಾಂಕಿನದ್ದೇ ಒಂದು ಅಧ್ಯಯನ 2024ರ ಅಕ್ಟೋಬರಿನಲ್ಲಿ ಬಂತು. ಟೊಮೆಟೊಗೆ ನಾವು ಕೊಡೋ ಒಂದು ರೂಪಾಯಿಯಲ್ಲಿ ರೈತನಿಗೆ ಸೇರೋದು ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಮಿಕ್ಕಿದ್ದು ಕೋಲಾರದ ಎಪಿಎಂಸಿಗೂ ಮಡಿವಾಳದ ಮಾರುಕಟ್ಟೆಗೂ ಮಧ್ಯದ ದಾರಿಯಲ್ಲಿ ಇಳ್ಕೊಳ್ಳುತ್ತೆ. 2023ರ ಜುಲೈನಲ್ಲಿ ಟೊಮೆಟೊ ಬೆಳೆದು ಲಕ್ಷಾಧೀಶರಾದ ರೈತರ ಫೋಟೋ ಎಲ್ಲ ಪೇಪರಲ್ಲೂ ಬಂತು. ಸೆಪ್ಟೆಂಬರಿನಲ್ಲಿ ಬೆಲೆ ನೆಲ ಕಚ್ಚಿದಾಗ ಯಾವ ಫೋಟೋಗ್ರಾಫರೂ ಆ ಕಡೆ ತಲೆ ಹಾಕಲಿಲ್ಲ.

ಪೇಪರಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ನೆಸ್ಲೆ ಇಂಡಿಯಾದ ಆಗಿನ ಮುಖ್ಯಸ್ಥರು ಮಧ್ಯಮ ವರ್ಗವೇ ಕುಗ್ಗುತ್ತಿರೋ ಹಾಗಿದೆ ಅಂತ 2024ರ ಅಕ್ಟೋಬರಿನಲ್ಲಿ ಹೇಳಿದಾಗ ಎಲ್ಲ ಕಡೆ ದೊಡ್ಡ ಚರ್ಚೆ ಆಯ್ತು. ನಗರಗಳಲ್ಲಿ ಬೇಡಿಕೆ ಕುಸಿದಿದೆಯಂತೆ, ಏನು ಮಾಡೋದು, ಯಾರನ್ನ ಕೇಳೋದು. ನೂಡಲ್ಸ್, ಬಿಸ್ಕತ್ತಿನ ಬೆಳವಣಿಗೆ ನಿಧಾನ ಆದ್ರೆ ಅದು ರಾಷ್ಟ್ರೀಯ ಸಮಸ್ಯೆ. ಕಾಲು ಕಿಲೋ ಆದ ತೊಗರಿಬೇಳೆಗೆ ತ್ರೈಮಾಸಿಕ ವರದಿ ಕೊಡೋರು ಯಾರೂ ಇಲ್ಲ.

2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಶೇ 39.17. 2011-12ರಲ್ಲಿ ಅದು ಶೇ 42.62 ಇತ್ತು. ಇದನ್ನ ಹಿಡ್ಕೊಂಡು, ನೋಡಿ ಜನ ಮುಂದೆ ಬಂದಿದ್ದಾರೆ, ಆಹಾರ ಈಗ ಅಷ್ಟು ಮುಖ್ಯ ಅಲ್ಲ ಅಂತ ವಾದ ಮಾಡೋರಿದ್ದಾರೆ. ಮುಂದೆ ಬಂದಿದ್ದಾರೆ, ನಿಜ. ಅನ್ನದ ಪಾಲು ಇಳಿದು ಹಾಲು, ಮೊಟ್ಟೆ, ಹಣ್ಣಿನ ಪಾಲು ಏರಿದ್ದೇ ಆ ಮುಂದೆ ಬರೋದು. 2024ರ ಬೆಲೆ ಏರಿಕೆ ಕತ್ತರಿ ಹಾಕಿದ್ದು ಸರಿಯಾಗಿ ಅಲ್ಲಿಗೇ. ಮತ್ತೆ ಆ ಶೇ 39 ಅನ್ನೋದು ಸರಾಸರಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾರೊಳಗೆ ಕೂತವರನ್ನೂ ಪಕ್ಕದಲ್ಲಿ ಡೆಲಿವರಿ ಬ್ಯಾಗ್ ಹೊತ್ತು ನಿಂತ ಹುಡುಗನನ್ನೂ ಕೂಡಿಸಿ ಭಾಗಿಸಿದ್ದು.

ಸಮೀಕ್ಷೆ ಹೇಳೋ ಹಾಗೆ ಖಾತೆಗೆ ದುಡ್ಡು ಹಾಕಿದ್ರೆ ಸಾಕಾಗುತ್ತಾ? ಅದನ್ನ ಕರ್ನಾಟಕ ಆಗಲೇ ಮಾಡಿ ನೋಡಿದೆ. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಐದು ಕಿಲೋ ಅಕ್ಕಿ ಬೇಕು, ದುಡ್ಡು ಕೊಡ್ತೀವಿ ಅಂತ ರಾಜ್ಯ ಕೇಳಿದಾಗ, ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರೋದನ್ನೇ ಕೇಂದ್ರ ನಿಲ್ಲಿಸಿತು. ಎಂಟು ತಿಂಗಳಾದ ಮೇಲೆ ಅದೇ ಕೇಂದ್ರ 'ಭಾರತ್ ರೈಸ್' ಅಂತ ಹೆಸರಿಟ್ಟು ಕಿಲೋಗೆ 29 ರೂಪಾಯಿಗೆ ವ್ಯಾನಿನಲ್ಲಿ ಮಾರೋಕೆ ಬಂತು. ಆ ರಾಜಕೀಯ ಇರಲಿ. ಅಕ್ಕಿ ಸಿಗದ ರಾಜ್ಯ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಹಾಕೋಕೆ ಶುರು ಮಾಡಿತು. ಅಂಗಡಿಯಲ್ಲಿ ಕಿಲೋಗೆ 50 ಇದ್ದಾಗ ಆ 170ಕ್ಕೆ ಐದು ಕಿಲೋ ಅಲ್ಲ, 3.4 ಕಿಲೋ ಬರುತ್ತೆ. 60 ಆದ್ರೆ ಮೂರು ಕಿಲೋನೂ ಬರೋದಿಲ್ಲ. 2024ರ ಕೊನೆಗೆ ಒಂದೂವರೆ ವರ್ಷ ಆಗ್ತಾ ಬಂದಿತ್ತು, 170 ಆಗಲೂ 170 ಆಗಿಯೇ ಇತ್ತು. ಆ ದುಡ್ಡಲ್ಲಿ ಬೇಳೆ, ಎಣ್ಣೆ ತಂದ ಮನೆಗಳೂ ಇವೆ, ಅದು ಒಳ್ಳೇದೇ. ಆದ್ರೆ ಬೆಲೆ ಜೊತೆ ಏರದ ದುಡ್ಡು ಬೆಲೆ ಏರಿಕೆಗೆ ಪರಿಹಾರ ಅಂತ ಹೇಳೋದು, ಸೋರೋ ಬಿಂದಿಗೆ ಕೊಟ್ಟು ನೀರು ತುಂಬ್ಕೋ ಅಂದ ಹಾಗೆ.

ಜೊತೆಗೆ, ಆ ಖಾತೆ ಯಾರದ್ದು? ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬಂದು ಇಲ್ಲಿ ಕಟ್ಟಡ ಕೆಲಸ ಮಾಡೋರ ಕಾರ್ಡು ಊರಲ್ಲಿದೆ. ಅದರ ಅಕ್ಕಿಯನ್ನ ಊರಲ್ಲಿ ಉಳಿದ ಅಪ್ಪ ಅಮ್ಮ ತಿಂತಿದ್ದಾರೆ. ಎಲ್ಲಿ ಬೇಕಾದ್ರೂ ರೇಷನ್ ತಗೋಬಹುದು ಅಂತ 'ಒಂದು ದೇಶ, ಒಂದು ಪಡಿತರ ಚೀಟಿ' ಹೇಳುತ್ತೆ, ಆದ್ರೆ ಒಂದೇ ಅಕ್ಕಿಯನ್ನ ಎರಡು ಊರಲ್ಲಿ ತಿನ್ನೋಕೆ ಆಗೋದಿಲ್ಲ. ಇವರಿಗೆಲ್ಲ ಇಲ್ಲಿ ಉಳಿಯೋದು ಇಂದಿರಾ ಕ್ಯಾಂಟೀನ್. 2017ರ ಆಗಸ್ಟಿನಲ್ಲಿ ಜಯನಗರದ ಕನಕನಪಾಳ್ಯದಲ್ಲಿ ಉದ್ಘಾಟನೆ ಆದಾಗ ತಿಂಡಿ 5, ಊಟ 10 ರೂಪಾಯಿ. 2024ರಲ್ಲೂ ಅಷ್ಟೇ ಇತ್ತು. ಅದನ್ನ ನಕ್ಕು ಹೀಯಾಳಿಸಿದವರು ಕಡಿಮೆಯಿಲ್ಲ, ಮಧ್ಯದಲ್ಲಿ ಕೆಲವು ಬಾಗಿಲನ್ನೂ ಹಾಕಿದ್ವು. ಆ ಏಳು ವರ್ಷದಲ್ಲಿ ಈ ಊರಿನ ಯಾವ ದರ್ಶಿನಿಯ ಬೋರ್ಡಿನಲ್ಲಿ ಅಂಕಿ ಬದಲಾಗದೆ ನಿಂತಿತ್ತು, ತೋರಿಸಿ.

ಆಹಾರವನ್ನ ಲೆಕ್ಕದಿಂದ ತೆಗೆಯೋ ಮಾತು ಬಿಟ್ಟು, ತೆಗೆದ್ರೆ ಯಾರ ತಟ್ಟೆಯಿಂದ ಏನು ಹೋಗುತ್ತೆ ಅಂತ ಲೆಕ್ಕ ಹಾಕೋ ಕೆಲಸ ಮಾಡಿ. ಪಡಿತರದಲ್ಲಿ ಅಕ್ಕಿ ಒಂದನ್ನೇ ಹೆಚ್ಚಿಸೋದು ನಿಲ್ಲಿಸಿ, ಬೇಳೆ ಕೊಡಿ, ಎಣ್ಣೆ ಕೊಡಿ. ಆಗದ ಕೆಲಸ ಅಂತ ಹೇಳಬೇಡಿ. ಸಿಲ್ಕ್ ಬೋರ್ಡ್‌ನಿಂದ ಹೊಸೂರು ರಸ್ತೆ ಹಿಡಿದ್ರೆ, ಟ್ರಾಫಿಕ್ ದಯೆ ತೋರಿದ್ರೆ, ಒಂದು ಗಂಟೆಯಲ್ಲಿ ಹೊಸೂರು. ಅಲ್ಲಿಯ ರೇಷನ್ ಅಂಗಡಿಯಲ್ಲಿ ಕಾರ್ಡಿಗೆ ಒಂದು ಕಿಲೋ ತೊಗರಿಬೇಳೆ 30 ರೂಪಾಯಿಗೆ, ಒಂದು ಲೀಟರ್ ಪಾಮಾಯಿಲ್ 25 ರೂಪಾಯಿಗೆ ಕೊಡ್ತಾರೆ. ತಮಿಳುನಾಡು ಈ ಯೋಜನೆ ಶುರು ಮಾಡಿದ್ದು 2007ರಲ್ಲಿ. ತೊಗರಿಯ ಕಣಜ ಅಂತ ಹೆಸರಾದ, 2019ರಲ್ಲಿ ತನ್ನ ತೊಗರಿಗೆ ಜಿಐ ಮಾನ್ಯತೆ ಪಡೆದ ಕಲಬುರಗಿ ಇರೋದು ಮಾತ್ರ ನಮ್ಮ ರಾಜ್ಯದಲ್ಲಿ.